ಇಸಿಲದ ಬಂಡೆಯೂ ಸಂಡೂರಿನ ಬೆಟ್ಟವೂ

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಮೂಲೆಯಲ್ಲಿರುವ ಮೊಳಕಾಲ್ಮೂರು ಸೀಮೆ ಮಳೆಯಲ್ಲಿ ಬಡವಾದುದು, ಚರಿತ್ರೆಯಲ್ಲಿ ಬಡವಾದುದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಮೌರ್ಯ ಚಕ್ರವರ್ತಿ ಅಶೋಕನ ಧರ್ಮಶಾಸನಗಳು ಬಂಡೆಗಳ ಮೇಲೆ ನೆಲೆಗೊಂಡಿವೆ. ಇವುಗಳನ್ನು 1892ರಲ್ಲಿ ವಿದ್ವತ್ ಲೋಕದ ಗಮನಕ್ಕೆ ತಂದವರು ಬಿ. ಎಲ್. ರೈಸ್. ಅದಕ್ಕಿಂತ ಮೊದಲೂ ಊರವರು ಬ್ರಹ್ಮಗಿರಿಯ ಬಂಡೆಯನ್ನು ‘ಅಕ್ಷರ ಗುಂಡು’ ಎಂದೇ ಕರೆಯುತ್ತಿದ್ದರು. ಅಕ್ಷರವಿದೆಯೆಂದು ಅವರಿಗೆ ಗೊತ್ತಿತ್ತು; ಏನು ಬರೆದಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ.

ಈ ಬಂಡೆಯ ಬಳಿಗೆ ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದುಕೊಂಡು ಹೋಗುವುದು ಅಧ್ಯಾಪಕನಾಗಿದ್ದ ಕಾಲದಲ್ಲಿ ನನ್ನ ವಾಡಿಕೆಯಾಗಿತ್ತು. ಹಾಗೆ ಬಂದಿದ್ದ ಹುಡುಗರಲ್ಲಿ ಒಬ್ಬನು ಮುಂದೆ ಓದನ್ನು ಬಿಟ್ಟು, ಸಾಲ ಮಾಡಿ ಲಾರಿಯೊಂದನ್ನು ಕೊಂಡು, ಬಳ್ಳಾರಿಯ ಕಡೆ ಅದಿರು ಸಾಗಿಸುವ ಕೆಲಸಕ್ಕೆ ಹೋದನು. 2011ರಲ್ಲಿ ಗಣಿಗಳು ನಿಂತವು. ಆ ವರ್ಷ ದೀಪಾವಳಿಯ ಸುಮಾರಿಗೆ ಅವನು ನಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತು, “ಮೇಷ್ಟ್ರೇ, ಬೆಟ್ಟ ಉಳೀತು ಅಂತ ಎಲ್ಲಾ ಸಂತೋಷಪಡ್ತಾವ್ರೆ. ನಾವು ಉಳಿಯೋದು ಹೆಂಗೆ ಹೇಳಿ” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಕೊಟ್ಟು ಕಳುಹಿಸಿದೆ. ಗಣಿಯ ಲಾಭ ಮತ್ತು ಪರಿಸರದ ರಕ್ಷಣೆ ಎಂಬ ಇಂದಿನ ಸಮಸ್ಯೆಯನ್ನು ನಮ್ಮ ಸೀಮೆಯ ಚರಿತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವ ಪ್ರಸ್ತುತ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ಭಾವಿಸಬಹುದು.

ಸುವರ್ಣಗಿರಿಯಿಂದ ಬಂದ ಓಲೆ

ಬ್ರಹ್ಮಗಿರಿಯ ಶಾಸನದ ಆರಂಭವೇ ಕುತೂಹಲಕಾರಿಯಾಗಿದೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದಲ್ಲಿರುವ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ಆರ್ಯಪುತ್ರನೆಂದರೆ ದಕ್ಷಿಣ ಪ್ರಾಂತದ ಆಡಳಿತಕ್ಕೆ ನಿಯುಕ್ತನಾಗಿದ್ದ ರಾಜಕುಮಾರ. ಇಸಿಲವೆಂದರೆ ಇದೇ ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣ. ಇಂದು ಅದರ ನೆಲೆಯ ಸುತ್ತ ಸಿದ್ದಾಪುರ, ರೊಪ್ಪ ಮುಂತಾದ ಹಳ್ಳಿಗಳಿವೆ. ಆಜ್ಞೆಯ ತಿರುಳು ಸರಳವಾದುದು: ತಂದೆ ತಾಯಿಗಳ ಮಾತನ್ನು ಕೇಳಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆ ದೃಢವಾಗಿರಬೇಕು. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ಅಷ್ಟು ದೂರದ ಲಿಪಿಯನ್ನು ಬಲ್ಲ ಅಧಿಕಾರಿ ಈ ಒಣ ಸೀಮೆಗೆ ಬರಬೇಕಾದ ಕಾರಣವೇನು?

ಸುವರ್ಣಗಿರಿ ಎಂಬ ಹೆಸರಿನಲ್ಲಿಯೇ ಉತ್ತರದ ಸುಳಿವಿದೆ. ಆ ರಾಜಧಾನಿ ಇಂಥದೇ ಊರು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕನಕಗಿರಿಯೆಂದು ಕೆಲವರು, ಮಸ್ಕಿಯ ಪರಿಸರವೆಂದು ಕೆಲವರು ಹೇಳುತ್ತಾರೆ. ಆದರೆ ಅಶೋಕನ ದಕ್ಷಿಣದ ಶಾಸನಗಳಲ್ಲಿ ಹಲವು ಚಿನ್ನದ ನಿಕ್ಷೇಪಗಳ ಸೀಮೆಗೆ ಸಮೀಪದಲ್ಲಿಯೇ ದೊರೆತಿರುವುದು ಆಕಸ್ಮಿಕವಲ್ಲವೆಂದು ಅನೇಕ ಇತಿಹಾಸಜ್ಞರ ಅಭಿಪ್ರಾಯ. ಕೌಟಿಲ್ಯನ ಅರ್ಥಶಾಸ್ತ್ರ ರಾಜ್ಯದ ಭಂಡಾರದ ಮೂಲವನ್ನು ಗಣಿಗಳಲ್ಲಿ ಕಾಣುತ್ತದೆ. ಗಣಿಗಳಿಗೆಂದೇ ಆಕರಾಧ್ಯಕ್ಷನೆಂಬ ಅಧಿಕಾರಿಯನ್ನು ವಿಧಿಸುತ್ತದೆ. ಹೀಗೆ ನೋಡಿದಾಗ ಸಾಮ್ರಾಜ್ಯದ ಒಂದು ಕೈ ನೆಲದ ಲೋಹವನ್ನು ಹುಡುಕುತ್ತಿದ್ದ ಪ್ರಾಂತದಲ್ಲಿಯೇ ಅದರ ಇನ್ನೊಂದು ಕೈ ಬಂಡೆಯ ಮೇಲೆ ಜೀವದಯೆಯ ಮಾತನ್ನು ಬರೆಯಿಸಿತು ಎಂದಾಯಿತು. ಶಾಸನದಲ್ಲಿ ಗಣಿಯ ಪ್ರಸ್ತಾಪವಿಲ್ಲ. ಇದೆಯೆಂದು ಹೇಳಿದರೆ ಅಪಚಾರವಾದೀತು. ಆದರೂ ಲೋಭಕ್ಕೆ ಅವಕಾಶವಿರುವ ನೆಲದಲ್ಲಿಯೇ ದಯೆಯ ಮಾತು ಕಲ್ಲಿನ ಮೇಲೆ ನಿಂತಿದೆ ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಇದಕ್ಕೆ ಪೂರಕವಾದ ಇನ್ನೊಂದು ಘಟನೆಯುಂಟು. ಬ್ರಹ್ಮಗಿರಿಯಲ್ಲಿ ಚಕ್ರವರ್ತಿ ‘ದೇವಾನಾಂಪ್ರಿಯ’ ಎಂಬ ಬಿರುದಿನಿಂದ ಮಾತ್ರ ಪರಿಚಿತನಾಗಿದ್ದಾನೆ. ಆ ಬಿರುದಿನ ದೊರೆ ಅಶೋಕನೇ ಎಂಬುದನ್ನು ಅವನ ಹೆಸರಿನ ಸಮೇತ ಸ್ಥಿರಪಡಿಸಿದ್ದು ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ. ಅದನ್ನು 1915ರಲ್ಲಿ ಮೊದಲು ಕಂಡವನು ಪಂಡಿತನಲ್ಲ. ನಿಜಾಮರ ಸೀಮೆಯಲ್ಲಿ ಚಿನ್ನದ ನೆಲೆಗಳನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ಚಿನ್ನವನ್ನು ಹುಡುಕಲು ಹೋದವನಿಗೆ ಧರ್ಮದ ಮಾತು ದೊರೆಯಿತು.

ಅಗೆತದ ಹಳೆಯ ಲೆಕ್ಕ

ಲೋಹವಿಲ್ಲದೆ ನಾಗರಿಕತೆಯಿಲ್ಲವೆಂಬುದನ್ನು ಬ್ರಹ್ಮಗಿರಿಯ ನೆಲವೇ ಹೇಳುತ್ತದೆ. ಇಲ್ಲಿ ಮೊದಲು ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ವೀಲರ್ ಅವರ ಅಗೆತದಲ್ಲಿ ಮೂರು ಸಂಸ್ಕೃತಿಗಳ ಪದರಗಳು ಒಂದರ ಮೇಲೊಂದು ಕಂಡುಬಂದವು. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳ ಜನ, ಅವರ ಮೇಲೆ ಆಂಧ್ರ ಕಾಲದ ಜನ. ನಡುವಿನ ಪದರದಲ್ಲಿ ಕಬ್ಬಿಣ ಕಾಣಿಸಿಕೊಳ್ಳುತ್ತದೆ. ಕಬ್ಬಿಣ ಬಂದೊಡನೆ ಕಾಡು ಕಡಿಯುವುದು, ನೆಲ ಉಳುವುದು, ಕಲ್ಲು ಸೀಳುವುದು ಸುಲಭವಾಯಿತು. ಆದ್ದರಿಂದ ಗಣಿಯನ್ನೇ ಪಾಪವೆಂದು ಸಾರುವವರು ತಮ್ಮ ಮನೆಯ ನೇಗಿಲನ್ನೂ ಕುಡುಗೋಲನ್ನೂ ಮರೆತಿದ್ದಾರೆನ್ನಬೇಕಾಗುತ್ತದೆ.

ಆದರೆ ಹಳೆಯ ಅಗೆತಕ್ಕೂ ಹೊಸದಕ್ಕೂ ಅಳತೆಯಲ್ಲಿ ಅಜಗಜಾಂತರವಿದೆ. ಹಳೆಯ ಕುಲುಮೆಯವನು ಬೆಟ್ಟದ ಇಳಿಜಾರಿನ ಅದಿರನ್ನೋ ಹಳ್ಳದ ಕರಿಮರಳನ್ನೋ ಆರಿಸಿ, ಇದ್ದಲನ್ನು ಸುಟ್ಟು, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದನು. ಇದ್ದಲಿನ ಮಿತಿಯೇ ಅವನ ಉತ್ಪನ್ನದ ಮಿತಿ. ತೋಳಿನ ಬಲವೇ ಅವನ ಆಳದ ಮಿತಿ. ಅವನಿಂದ ಕಾಡು ಸವೆಯಲಿಲ್ಲವೆಂದಲ್ಲ. ಇದ್ದಲಿಗಾಗಿ ಮರಗಳು ಬಿದ್ದೇ ಬಿದ್ದವು. ಆದರೆ ಬೆಟ್ಟವೇ ಇಲ್ಲವಾಗುವುದು ಅವನ ಕೈಮೀರಿದ ಮಾತಾಗಿತ್ತು.

ಚಿನ್ನದ ಅಗೆತ ಮಾತ್ರ ಹಿಂದೆಯೂ ಆಳಕ್ಕಿಳಿದಿತ್ತು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರ ಗುಂಡಿಗಳು ಸುಮಾರು 640 ಅಡಿ ಆಳದವರೆಗೆ ಇಳಿದಿವೆ. ಅಲ್ಲಿ ದೊರೆತ ಹಳೆಯ ಮರದ ತುಂಡುಗಳ ಪರೀಕ್ಷೆಯಿಂದ ಅವು ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ತಿಳಿದಿದೆ. ಯಂತ್ರವಿಲ್ಲದ ಕಾಲದಲ್ಲಿ ಉಸಿರು ಕಟ್ಟುವ ಆ ಕತ್ತಲೆಗೆ ಯಾರು ಇಳಿದರು, ಅವರಿಗೆ ದೊರೆತ ಕೂಲಿಯೆಷ್ಟು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಚಿನ್ನ ಭಂಡಾರಕ್ಕೆ ಹೋಯಿತು, ಗುಂಡಿ ಊರಿಗೆ ಉಳಿಯಿತು.

ಈ ಮಾತಿಗೆ ನಮ್ಮ ಕಾಲದ ನಿದರ್ಶನ ಕೋಲಾರದ ಚಿನ್ನದ ಗಣಿ. ಅಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ಆರಿಸುತ್ತಿದ್ದುದನ್ನು 1802ರಲ್ಲಿ ಲೆಫ್ಟಿನೆಂಟ್ ವಾರನ್ ಗಮನಿಸಿದ್ದನು. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಆಧುನಿಕ ಗಣಿಗಾರಿಕೆ ಬೆಳೆಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಮೈಸೂರಿನ ಅರಮನೆಗಲ್ಲ, ಬೆಂಗಳೂರಿನ ಬೀದಿಗಲ್ಲ, ಈ ಗಣಿಗೆ. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನದಲ್ಲಿ ಬಹುಪಾಲು ದೂರ ಹೋಯಿತು. ಉಳಿದದ್ದು ಮೂರು ಕೋಟಿ ಟನ್ನಿಗೂ ಮೀರಿದ ಅರೆದ ಮಣ್ಣಿನ ರಾಶಿ. ಅಲ್ಲಿಯವರು ಅದನ್ನು ಸೈನೈಡ್ ಗುಡ್ಡವೆನ್ನುತ್ತಾರೆ. ಬೇಸಗೆಯ ಗಾಳಿಗೆ ಅದರ ಧೂಳು ಇಂದಿಗೂ ಮನೆಗಳ ಮೇಲೆ ಬೀಳುತ್ತದೆ. ಬೇಸಾಯದಂತೆ ಗಣಿಗೆ ಎರಡನೆಯ ಫಸಲಿಲ್ಲ. ಒಮ್ಮೆ ತೆಗೆದ ಅದಿರು ಮತ್ತೆ ಬೆಳೆಯುವುದಿಲ್ಲ. ಈ ಒಂದು ಸತ್ಯವನ್ನು ಬಿಟ್ಟು ಮಾಡಿದ ಲಾಭ ನಷ್ಟದ ಲೆಕ್ಕವೆಲ್ಲ ಅರ್ಧ ಲೆಕ್ಕ.

ಲಕ್ಕಮ್ಮನ ಅಕ್ಕಿ

ಹಟ್ಟಿಯಿರುವ ಅದೇ ಲಿಂಗಸುಗೂರು ತಾಲ್ಲೂಕಿನಲ್ಲಿ ಗುರುಗುಂಟೆಯ ಅಮರೇಶ್ವರ ಕ್ಷೇತ್ರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರು ಇದೆಂದು ಪ್ರತೀತಿ. ಅವರಿಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನೇ ಇದ್ದಾನೆ. ಇವರ ಕಥೆ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಆದರೂ ಪ್ರಕೃತ ವಿಷಯಕ್ಕೆ ಅದು ಅಗತ್ಯವಾದುದರಿಂದ ಸಂಕ್ಷೇಪವಾಗಿ ಸ್ಮರಿಸುತ್ತೇನೆ.

ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮ್ಮ ನಿತ್ಯದ ಅಳತೆಗೆ ಮೀರಿದುದೆಂದು ಗುರುತಿಸಿ, ಹೆಚ್ಚಾದುದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯನ್ನು ಮಾರಯ್ಯ ಕದ್ದಿರಲಿಲ್ಲ. ಅದು ನೆಲದ ಮೇಲೆ ಬಿದ್ದಿತ್ತು, ಆಯುವುದಕ್ಕೆ ಅವನಿಗೆ ಅಧಿಕಾರವಿತ್ತು, ತಡೆಯುವವರಿರಲಿಲ್ಲ. ಆದರೂ ಅದು ಹೆಚ್ಚಾಗಿತ್ತು.

ಈ ಕಥೆಯನ್ನು ವೈರಾಗ್ಯದ ದೃಷ್ಟಾಂತವಾಗಿ ಹೇಳುವುದು ರೂಢಿ. ಸೂಕ್ಷ್ಮವಾಗಿ ನೋಡಿದರೆ ಇದು ಅರ್ಥವ್ಯವಸ್ಥೆಯ ದೃಷ್ಟಾಂತವೂ ಹೌದು. ಇದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು, ಅಳತೆ ಮುಂಚೆಯೇ ನಿಶ್ಚಿತವಾಗಿತ್ತು. ಅಂಗಳದಲ್ಲಿ ಅಕ್ಕಿ ಎಷ್ಟು ಬಿದ್ದಿದೆಯೆಂಬುದನ್ನು ನೋಡಿ ಅಳತೆಯನ್ನು ಹಿಗ್ಗಿಸಲಿಲ್ಲ. ಎರಡನೆಯದು, ಹೆಚ್ಚಾದುದನ್ನು ಬೇರೆಲ್ಲಿಯೋ ದಾನ ಮಾಡಿ ಪುಣ್ಯ ಗಳಿಸಲಿಲ್ಲ. ಎಲ್ಲಿಂದ ಬಂದಿತೋ ಅಲ್ಲಿಗೇ ಮರಳಿಸಲಾಯಿತು. ಮೂರನೆಯದು, ತಂದವನಲ್ಲದೆ ಅಳೆದು ನೋಡುವ ಇನ್ನೊಬ್ಬರು ಮನೆಯಲ್ಲಿದ್ದರು. ಮಿತಿ, ಮರಳಿಕೆ, ಸಾಕ್ಷಿ ಎಂದು ಇವನ್ನು ಕರೆಯೋಣ. ಕಾಯಕವನ್ನು ದುಡಿಮೆಯಿಂದ ಬೇರೆಯಾಗಿಸುವುದು ಈ ಮೂರೇ.

ವಚನಗಳಲ್ಲಿ ಇಂದಿನ ಪರಿಸರಶಾಸ್ತ್ರವನ್ನು ಹುಡುಕುವುದು ಸಲ್ಲದು. ಶರಣರ ಗುರಿ ಆತ್ಮದ ಶುದ್ಧಿ. ಬೆಟ್ಟದ ರಕ್ಷಣೆ ಅವರ ಮುಂದಿದ್ದ ಪ್ರಶ್ನೆಯಲ್ಲ. ಆದರೆ ಅಗೆತದ ಬಗೆಗೆ ಅವರಿಗೆ ವಿಚಾರವಿರಲಿಲ್ಲವೆಂದೂ ಹೇಳಲಾಗದು. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ಒಡ್ಡರಾಮನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವಾಗಿದೆ. ಕೆರೆ ತೋಡುವುದು ಲೋಕಕ್ಕೆ ನೀರು ಕೊಡುವ ಕೆಲಸ. ಅದನ್ನೂ ಪ್ರಭು ಪ್ರಶ್ನಿಸದೆ ಬಿಡಲಿಲ್ಲ. ತೋಡುವವನ ಒಳಗೆ ಏನಿದೆ ಎಂಬುದು ಅವನ ಪ್ರಶ್ನೆಯಾಗಿತ್ತು. ಅಲ್ಲಮನ ದೃಷ್ಟಿಯಲ್ಲಿ ದೋಷ ಲೋಹದಲ್ಲಿಲ್ಲ, ಅದನ್ನು ಬಯಸುವ ಚಿತ್ತದಲ್ಲಿದೆ. ನೀರಿಗಾಗಿ ನೆಲ ಅಗೆದವನೇ ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಅದಿರಿಗಾಗಿ ಅಗೆಯುವವನು ತಪ್ಪಿಸಿಕೊಳ್ಳುವುದುಂಟೆ?

ಕೆಂಧೂಳಿನ ದಶಕ

ನಮ್ಮ ತಾಲ್ಲೂಕಿನ ಉತ್ತರಕ್ಕೆ ಬಳ್ಳಾರಿ, ಅದರ ಪಶ್ಚಿಮಕ್ಕೆ ಸಂಡೂರಿನ ಬೆಟ್ಟಸಾಲು. ಈ ಬೆಟ್ಟಗಳ ಕಬ್ಬಿಣದ ಸಂಪತ್ತನ್ನು ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ 1895ರ ಗ್ರಂಥದಲ್ಲಿ ವಿವರಿಸಿದ್ದನು. ಸಂಡೂರು ಆಗ ಸ್ವತಂತ್ರ ಸಂಸ್ಥಾನ. ಅದು 1949ರಲ್ಲಿ ಭಾರತದಲ್ಲಿ ವಿಲೀನವಾಯಿತು. 1977ರಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರಕಾರದ ಖನಿಜ ನಿಗಮ ಗಣಿಯನ್ನು ತೆರೆಯಿತು. ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬಂದಿತು. ಅದಿರನ್ನು ಇಲ್ಲಿಯೇ ಕರಗಿಸಿ ಉಕ್ಕು ಮಾಡಿದರೆ ಉದ್ಯೋಗವೂ ತೆರಿಗೆಯೂ ನಾಡಿನಲ್ಲಿಯೇ ಉಳಿಯುತ್ತವೆ. ಭದ್ರಾವತಿಯಲ್ಲಿ 1918ರಲ್ಲಿ ಆರಂಭಗೊಂಡು 1923ರಲ್ಲಿ ಕಬ್ಬಿಣ ಕೊಡತೊಡಗಿದ ಮೈಸೂರು ಸಂಸ್ಥಾನದ ಕಾರ್ಖಾನೆಯ ಹಿಂದಿದ್ದ ವಿವೇಕವೂ ಇದೇ.

2000ದ ನಂತರ ಪರಿಸ್ಥಿತಿ ಬದಲಾಯಿತು. ಚೀನಾ ದೇಶದ ಕಟ್ಟಡಗಳಿಗೆ ಉಕ್ಕಿನ ಹಸಿವು ಹೆಚ್ಚಿತು. ಅದಿರಿನ ಬೆಲೆ ಹಲವು ಪಟ್ಟು ಏರಿತು. ಆಗ ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನ ಬೆಲೆಗೆ ತಕ್ಕಂತೆ ಏರುವಂಥದಾಗಿರಲಿಲ್ಲ. ಉತ್ತಮ ದರ್ಜೆಯ ಅದಿರಿಗೂ ಅದು ಟನ್ನಿಗೆ 27 ರೂಪಾಯಿಯನ್ನು ಮೀರುತ್ತಿರಲಿಲ್ಲ. ಬೆಲೆಯ ಶೇಕಡ 10ರಷ್ಟು ರಾಜಧನವೆಂಬ ನಿಯಮ ಬಂದದ್ದು 2009ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಬೆಟ್ಟಗಳ ತಲೆ ಬೋಳಾಗಿತ್ತು. ಮೇಲ್ಮಣ್ಣು ಹಳ್ಳಕ್ಕೆ, ಹಳ್ಳದ ಹೂಳು ಕೆರೆಗೆ, ಕೆರೆಯ ಕೆಸರು ಗದ್ದೆಗೆ ಇಳಿಯಿತು. ರಸ್ತೆಯ ಬದಿಯ ಜೋಳದ ತೆನೆ, ಹತ್ತಿಯ ಕಾಯಿ, ಮನೆಯ ಹಂಚು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು. ಕರ್ನಾಟಕ ಮತ್ತು ಆಂಧ್ರಗಳ ನಡುವಣ ಗಡಿಯ ಗುರುತುಗಳು ಅಳಿಸಿಹೋದವು. ಆ ಗಡಿಯಲ್ಲಿದ್ದ ಸುಗ್ಗಲಮ್ಮನ ಹಳೆಯ ಗುಡಿ 2006ರಲ್ಲಿ ಅದಿರಿಗಾಗಿ ನೆಲಸಮವಾಯಿತು. ದೇವಿಯ ಗುಡಿಯನ್ನೇ ಉಳಿಸದ ಕೈಗೆ ಗಡಿಕಲ್ಲು ಯಾವ ಲೆಕ್ಕ?

ಮಿತಿಯಿಲ್ಲದ ಗಳಿಕೆ ಕಾನೂನನ್ನೂ ಮೀರಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯ ವರದಿಯನ್ನೂ ಸಲ್ಲಿಸಿದರು. ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿಯೆಂದು ಎರಡನೆಯ ವರದಿ ಅಂದಾಜು ಮಾಡಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿಯೂ, ಆಗಸ್ಟ್ 26ರಂದು ನಮ್ಮ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಅದಿರಿನ ಗಣಿಗಳನ್ನು ನಿಲ್ಲಿಸಿತು.

ಅಂದು ನಿಂತದ್ದು ಕೇವಲ ಅಕ್ರಮವಲ್ಲ. ಲಾರಿಯ ಚಾಲಕರು, ಅದಿರು ಆರಿಸುತ್ತಿದ್ದ ಹೆಂಗಸರು, ರಸ್ತೆ ಬದಿಯ ಹೋಟೆಲಿನವರು, ಟೈರಿನ ಅಂಗಡಿಯವರು ಇವರೆಲ್ಲರ ಒಲೆಯೂ ತಣ್ಣಗಾಯಿತು. ಲಾಭದ ಕಾಲದಲ್ಲಿ ಇವರಿಗೆ ದೊರೆತದ್ದು ದಿನದ ಕೂಲಿ. ನಷ್ಟದ ಕಾಲದಲ್ಲಿ ಇವರಿಗೆ ಬಂದದ್ದು ಪೂರ್ಣ ಪಾಲು. ನನ್ನ ಶಿಷ್ಯನ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

ನ್ಯಾಯಾಲಯ ಹಾಕಿದ ಅಳತೆ

ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ 18ರ ತೀರ್ಪು ಈ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ತೀವ್ರ ಅಕ್ರಮದ ಮೂರನೆಯ ವರ್ಗದ ಸುಮಾರು 50 ಗುತ್ತಿಗೆಗಳು ರದ್ದಾದವು. ಉಳಿದವು ಮತ್ತೆ ಆರಂಭವಾಗಬೇಕಾದರೆ ಹಾಳಾದ ನೆಲವನ್ನು ಸರಿಪಡಿಸುವ ಯೋಜನೆಯನ್ನು ಒಪ್ಪಿಕೊಳ್ಳಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದುದು ವಾರ್ಷಿಕ ಮಿತಿ. ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರುಗಳಿಗೆ ಸೇರಿ 50 ಲಕ್ಷ ಟನ್. ಬೆಟ್ಟದಲ್ಲಿ ಎಷ್ಟಿದೆ, ಪೇಟೆಯಲ್ಲಿ ಬೆಲೆಯೆಷ್ಟಿದೆ ಎಂಬುದನ್ನು ಬಿಟ್ಟು, ಆ ನೆಲ, ರಸ್ತೆ, ನೀರು ಎಷ್ಟನ್ನು ತಾಳಬಲ್ಲವು ಎಂಬ ವಿಚಾರದಿಂದ ಜಿಲ್ಲೆಗಳಿಗೆ ಅಳತೆ ಹಾಕಿದ ಕ್ರಮ ನಮ್ಮ ದೇಶದಲ್ಲಿ ಅಪರೂಪವಾದುದು. ಲಕ್ಕಮ್ಮನ ಮೊದಲ ಪಾಠ ನ್ಯಾಯಪೀಠದ ಬಾಯಿಂದ ಬಂದಂತಾಯಿತು.

ಆದರೆ ಅಳತೆಯ ಪಾತ್ರೆ ಹಿಗ್ಗುತ್ತಲೇ ಬಂದಿದೆ. ಒಟ್ಟು ಮಿತಿ 2017ರ ಡಿಸೆಂಬರಿನಲ್ಲಿ 3.5 ಕೋಟಿ ಟನ್ನಿಗೂ, 2022ರ ಆಗಸ್ಟಿನಲ್ಲಿ 5 ಕೋಟಿ ಟನ್ನಿಗೂ ಏರಿತು. ಈ ಕೊನೆಯ ಏರಿಕೆಯಲ್ಲಿ ಚಿತ್ರದುರ್ಗ ಮತ್ತು ತುಮಕೂರುಗಳ ಪಾಲು 1.5 ಕೋಟಿ ಟನ್, ಅಂದರೆ 2013ರ ಮೂರು ಪಟ್ಟು. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂಬ ವಾದ ಸುಳ್ಳಲ್ಲ. ಆದರೆ ಹತ್ತು ವರ್ಷಗಳಲ್ಲಿ ನೆಲದ ತಾಳಿಕೆಯೂ ಮೂರು ಪಟ್ಟಾಯಿತೆ ಎಂದು ಕೇಳುವ ಹಕ್ಕು ನಮ್ಮದು.

ಮರಳಿಕೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಅದಿರಿನ ಮಾರಾಟದ ಹಣದಲ್ಲಿ ಒಂದು ಪಾಲನ್ನೂ ದಂಡದ ಹಣವನ್ನೂ ಪ್ರತ್ಯೇಕವಾಗಿ ಇರಿಸಿ ಗಣಿಬಾಧಿತ ಪ್ರದೇಶಕ್ಕೆ ವೆಚ್ಚಮಾಡಬೇಕೆಂದು ಆಜ್ಞೆಯಾಯಿತು. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪಿತವಾಯಿತು. ಸುಮಾರು 25 ಸಾವಿರ ಕೋಟಿ ರೂಪಾಯಿಯ ಸಮಗ್ರ ಯೋಜನೆಗೆ ಒಪ್ಪಿಗೆ ದೊರೆತದ್ದು 2022ರಲ್ಲಿ. ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರು ಅದರ ಮೇಲ್ವಿಚಾರಣೆಗೆ ನಿಯುಕ್ತರಾದರು. ಗಣಿ ನಿಂತ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಮಾಧ್ಯಮಿಕ ಶಾಲೆಗೆ ಬಂದಿತ್ತು. ಇದಲ್ಲದೆ 2015ರ ಕಾನೂನಿನಂತೆ ಪ್ರತಿ ಜಿಲ್ಲೆಯಲ್ಲಿಯೂ ಖನಿಜ ಪ್ರತಿಷ್ಠಾನ ನಿಧಿಯಿದೆ. ಹಳೆಯ ಗುತ್ತಿಗೆದಾರರು ತಾವು ಕೊಡುವ ರಾಜಧನದ ಶೇಕಡ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇಕಡ 10ರಷ್ಟನ್ನು ಅದಕ್ಕೆ ಸಲ್ಲಿಸಬೇಕು. ಹಣವಿದೆ, ಅದು ಬಂದ ಜಾಗಕ್ಕೆ ಮರಳಬೇಕು. ಕಟ್ಟಡ ಕಟ್ಟಿದರೆ ಮಾತ್ರ ಮರಳಿದಂತಾಗುವುದಿಲ್ಲ. ಹೂಳು ತುಂಬಿದ ಕೆರೆ ತೆರವಾಗಬೇಕು, ಕಡಿದ ಜಾತಿಯ ಮರವೇ ಬೆಟ್ಟದಲ್ಲಿ ಬೇರೂರಬೇಕು, ಧೂಳು ಕುಡಿದ ಕೂಲಿಯವನಿಗೆ ಔಷಧ ದೊರೆಯಬೇಕು, ಅವನ ಮಗನಿಗೆ ಇನ್ನೊಂದು ಕೆಲಸದ ಕೈಕುಶಲ ಬರಬೇಕು. ಮಾರಯ್ಯ ಅಕ್ಕಿಯನ್ನು ಸುರಿದು ಬಂದದ್ದು ಅದೇ ಅಂಗಳಕ್ಕೆ.

ಎರಡು ಬೆಟ್ಟಗಳ ದೃಷ್ಟಾಂತ

ಕೆಲವು ಬೆಟ್ಟಗಳ ಮಿತಿ ಸೊನ್ನೆಯೆಂದೇ ಇಡಬೇಕಾಗುತ್ತದೆ. ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪಿತವಾದ ಸರಕಾರಿ ಕಂಪನಿ ಇರಾನ್ ದೇಶದ ಬೇಡಿಕೆಯನ್ನು ನಂಬಿ ಆರಂಭವಾಯಿತು. 1979ರಲ್ಲಿ ಅಲ್ಲಿ ರಾಜ್ಯಕ್ರಾಂತಿಯಾಗಿ ಆ ನಂಬಿಕೆ ಮುರಿಯಿತು. ಬೇರೆ ಗಿರಾಕಿಗಳು ದೊರೆತರು. ಆದರೆ ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಮಳೆಕಾಡಿನಲ್ಲಿ ಅಗೆದ ಮಣ್ಣು ಭದ್ರೆಗೆ ಇಳಿಯುತ್ತಲೇ ಇತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ನೀಡಿದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮೂರು ವರ್ಷಗಳ ಮುನ್ಸೂಚನೆಯಿದ್ದರೂ ಕುದುರೆಮುಖದ ಪಟ್ಟಣ ಪಾಳುಬಿದ್ದಿತು. ನದಿ ಉಳಿಯಿತು, ಬೀದಿಗಳು ಬರಿದಾದವು.

ಇನ್ನೊಂದು ಗದಗಿನ ಕಪ್ಪತಗುಡ್ಡ. ಔಷಧಿ ಸಸ್ಯಗಳಿಗೂ ಚಿನ್ನದ ನಿಕ್ಷೇಪಕ್ಕೂ ಹೆಸರಾದ ಈ ಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ದೊರೆತು, 2016ರಲ್ಲಿ ಅದು ಹಿಂದಕ್ಕೆ ಹೋಯಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳೂ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳೂ ಜನರೊಡನೆ ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿ ದೊರೆಯಿತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಇಲ್ಲಿ ಗಮನಿಸಬೇಕಾದುದು ಕಾಲದ ವ್ಯತ್ಯಾಸ. ಕುದುರೆಮುಖದಲ್ಲಿ ಮೊದಲು ಅಗೆದು ಅನಂತರ ಯೋಚಿಸಿದರು. ಕಪ್ಪತಗುಡ್ಡದಲ್ಲಿ ಅಗೆಯುವ ಮುನ್ನ ಯೋಚಿಸಿದರು. ಎರಡನೆಯದರಲ್ಲಿ ಯಾರ ಒಲೆಯೂ ಆರಲಿಲ್ಲ. ಸಂಡೂರಿನ ದೇವದಾರಿ ಬೆಟ್ಟದ 401 ಹೆಕ್ಟೇರ್ ಅರಣ್ಯದಲ್ಲಿ ಸುಮಾರು 99 ಸಾವಿರ ಮರಗಳು ಬೀಳುವವೆಂದು 2024ರಲ್ಲಿ ಎದ್ದ ವಿವಾದಕ್ಕೂ ಈ ವಿವೇಕವನ್ನು ಅನ್ವಯಿಸಬೇಕು.

ಸಾಕ್ಷಿ ಯಾರು?

ಮಿತಿಯನ್ನು ನ್ಯಾಯಾಲಯ ಹಾಕಿತು, ಮರಳಿಕೆಗೆ ನಿಧಿಯಾಯಿತು. ಮೂರನೆಯದಾದ ಸಾಕ್ಷಿ ಎಲ್ಲಿ? ಮಾರಯ್ಯನ ಚೀಲವನ್ನು ಅಳೆದದ್ದು ದೂರದ ಅಧಿಕಾರಿಯಲ್ಲ. ಅನ್ನ ಬೇಯಿಸುವ ಹೆಂಡತಿ. ಗಣಿಯ ಚೀಲವನ್ನು ಅಳೆಯಬೇಕಾದವರೂ ಆ ಬೆಟ್ಟದ ನೀರನ್ನು ಕುಡಿಯುವವರೇ. ಇಂತಿಷ್ಟು ತೆಗೆದರು, ಇಂತಿಷ್ಟು ರಾಜಧನ ಬಂದಿತು, ಇಂತಿಷ್ಟು ಈ ಊರಿಗೆ ಮರಳಿತು ಎಂಬ ಲೆಕ್ಕ ಗ್ರಾಮಸಭೆಯಲ್ಲಿ ಕನ್ನಡದಲ್ಲಿ, ಎಲ್ಲರಿಗೂ ಕೇಳಿಸುವಂತೆ ಓದಲ್ಪಡಬೇಕು. ಊರಿನಲ್ಲಿ ಓದಬಲ್ಲ ಹುಡುಗರಿದ್ದಾರೆ. ಅವರಿಗೆ ಓದು ಕಲಿಸಿದ್ದು ಇಂಥ ಕೆಲಸಕ್ಕಲ್ಲದೆ ಇನ್ನೇತಕ್ಕೆ?

ನನ್ನ ಶಿಷ್ಯನಿಗೆ ಇಂದು ನಾನು ಹೇಳಬಹುದಾದುದು ಇಷ್ಟೆ. ಬೆಟ್ಟವೋ ನೀನೋ ಎಂಬ ಪ್ರಶ್ನೆಯೇ ತಪ್ಪು. ಮಿತಿಯಿಲ್ಲದೆ ಅಗೆದ ವರ್ಷಗಳೇ ನಿನ್ನ ಕೆಲಸವನ್ನು ತಿಂದವು, ನ್ಯಾಯಾಲಯವಲ್ಲ. ವರ್ಷಕ್ಕೆ ಇಷ್ಟೇ ಎಂದು ಮೊದಲೇ ಅಳೆದು ಅಗೆದಿದ್ದರೆ ನಿನ್ನ ಲಾರಿಗೆ ಹತ್ತು ವರ್ಷದ ಕೆಲಸವನ್ನು ಎರಡು ವರ್ಷದಲ್ಲಿ ಮುಗಿಸುವ ಪ್ರಸಂಗ ಬರುತ್ತಿರಲಿಲ್ಲ. ಗಣಿ ಮುಚ್ಚುವ ದಿನದ ಯೋಚನೆಯನ್ನು ಗಣಿ ತೆರೆಯುವ ದಿನವೇ ಮಾಡಬೇಕಿತ್ತು. ಆ ಯೋಚನೆಯಲ್ಲಿ ನಿನ್ನ ಹೆಸರೂ ಇರಬೇಕಿತ್ತು. ಅದನ್ನು ಕೇಳದೆ ಸುಮ್ಮನಿದ್ದವರಲ್ಲಿ ನಿನ್ನ ಮೇಷ್ಟರೂ ಒಬ್ಬರು.

ಜಟಿಂಗ ರಾಮೇಶ್ವರದ ಶಾಸನದ ಸ್ಥಿತಿಯನ್ನು ಹೇಳಿ ಮುಗಿಸುತ್ತೇನೆ. ಅದು ಮೆಟ್ಟಿಲುಗಳ ಬಳಿ ಮಲಗಿದ ಬಂಡೆಯ ಮೇಲಿದೆ. ಜನ ಅದನ್ನು ‘ಬಳೆಗಾರ ಗುಂಡು’ ಎಂದು ಕರೆಯುತ್ತಿದ್ದರು. ಜಾತ್ರೆಯ ದಿನ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು. ಗೂಟ ನಿಲ್ಲಿಸಲು ಬಂಡೆಯಲ್ಲಿ ಕುಳಿ ತೋಡುತ್ತಿದ್ದರು. ತಲೆಮಾರುಗಳ ಕಾಲಿನ ಸವೆತಕ್ಕೆ ಅಕ್ಷರಗಳು ಬಹುಮಟ್ಟಿಗೆ ಅಳಿದಿವೆ. ಆ ಬಳೆಗಾರರು ದುಷ್ಟರಲ್ಲ, ಹೊಟ್ಟೆಪಾಡಿಗೆ ಬಂದವರು. ತಮ್ಮ ಕಾಲ ಕೆಳಗೆ ಅಕ್ಷರವಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮಗೆ ಆ ಸಮಾಧಾನವಿಲ್ಲ. 1892ರಿಂದ ನಾವು ಅದನ್ನು ಓದಿಕೊಂಡಿದ್ದೇವೆ.